ಅಮಾವಾಸ್ಯೆಯ ನಾಲ್ಕು ನಿಮಿಷ

ಚಳ್ಳಕೆರೆ
೯ ನವೆಂಬರ್ ೨೦೨೫, ಭಾನುವಾರ

ನನ್ನ ಗಂಗಿಗೆ, ನಿನ್ನ ಅಕ್ಕ ನಿರ್ಮಲಾ ಮನಸಾರೆ ಹರಸಿ ಬರೆಯುವುದು.

ಬೈಯಬೇಡ ಕಣೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಬರೆಯಲು ಕೂತಾಗಲೆಲ್ಲ ಏನಾದರೊಂದು ಅಡ್ಡಿ. ಶೇಂಗಾ ಸುಗ್ಗಿಯಲ್ಲವೇ, ನಮ್ಮ ವರ್ತಕರ ಒಕ್ಕೂಟದ ಯಾರ್ಡಿನಲ್ಲಿ ಕಾಲಿಡಲು ಜಾಗವಿಲ್ಲ. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಮಾಡಬಹುದಿತ್ತು. ಆದರೆ ನಿನ್ನ ಫೋನಿನಲ್ಲಿ ಮಾತಾಡಿದರೆ ನಿನ್ನ ಅತ್ತೆ, ನಿನ್ನ ಯಜಮಾನ ಮಹಾಂತೇಶ, ಇಡೀ ದೇವಸಮುದ್ರವೇ ಕೇಳಿಸಿಕೊಳ್ಳುತ್ತದೆ. ಅವ್ವನಿಗೆ ನನ್ನ ಕಾಗದವನ್ನು ನೀನು ಓದಿ ಹೇಳುತ್ತಿದ್ದೆಯಲ್ಲ, ಆ ಅಭ್ಯಾಸ ಕೈಗೆ ಅಂಟಿಕೊಂಡುಬಿಟ್ಟಿದೆ. ಮಹಾಂತೇಶನ ಕುರಿಗಳಿಗೆ ನೀಲಿ ನಾಲಿಗೆ ರೋಗ ಬಂದಿತ್ತೆಂದು ಬರೆದಿದ್ದೆ. ಈಗ ಹೇಗಿವೆ? ಡಾಕ್ಟರು ಹೇಳಿದ ಚುಚ್ಚುಮದ್ದು ಹಾಕಿಸಿ. ನಿನ್ನ ಅತ್ತೆಯ ಮಾತು ಕೇಳಿ ಬೇವಿನ ಸೊಪ್ಪು ಅರೆಯುತ್ತಾ ಕೂರಬೇಡಿ.

ಈಗ ನೀನು ಬೈಯುವ ವಿಷಯ. ಇದೇ ಇಪ್ಪತ್ತನೇ ತಾರೀಕು ಅಮಾವಾಸ್ಯೆ, ಅವ್ವನ ಎಡೆಗೆ ನಾನು ಬರುವುದಿಲ್ಲ. ಹಲ್ಲು ಕಡಿಯಬೇಡ, ಪೂರ್ತಿ ಓದು. ಬಾರದಿರುವುದು ಅವ್ವನಿಗಾಗಿಯೇ. ಬಾಲರಾಜನಿಗೆ ನೀರು ಕುಡಿಸುವ ದಿನ ಬಂದಿದೆ.

ಮೂರು ವರ್ಷದ ಹಿಂದಿನ ಅದೇ ಅಮಾವಾಸ್ಯೆ ನಿನಗೆ ಮರೆಯಲು ಸಾಧ್ಯವೇ? ಅಮಾವಾಸ್ಯೆ ದಿನ ನಮ್ಮಲ್ಲಿ ಟೆಂಡರ್ ನಡೆಯುವುದಿಲ್ಲ. ವರ್ತಕರೆಲ್ಲ ಅಂಗಡಿ ಪೂಜೆ ಮುಗಿಸಿ ಮನೆಗೆ ಹೋಗುತ್ತಾರೆ. ಸರ್ವರಿನ ಆಪರೇಟಿಂಗ್ ಸಿಸ್ಟಮ್ ಬದಲಾಯಿಸಲು ತಿಂಗಳಿಗೆ ಸಿಗುವುದು ಅದೊಂದೇ ಹಗಲು. ಸರ್ವರ್ ಅಂದರೆ ಏನು ಅಂತ ನಿನಗೆ ಎಷ್ಟು ಸಲ ಹೇಳಿದ್ದೇನೋ. ಯಾರ ಶೇಂಗಾ ಎಷ್ಟು ಚೀಲ, ಯಾವ ಲಾಟು, ಯಾರು ಎಷ್ಟಕ್ಕೆ ಕೂಗಿದರು, ಯಾವ ಲಾರಿ ಎಷ್ಟು ತೂಗಿತು, ಎಲ್ಲವೂ ಇರುವುದು ಅದರೊಳಗೆ. ಅದು ಮಲಗಿದರೆ ಯಾರ್ಡೇ ಮಲಗಿತು. "ಕೆಲಸ ಮಾಡುತ್ತಿರುವ ಮಿಷನ್ನಿನ ಮೇಲೇ ಕೈಯಿಡುವುದು ಬೇಡ, ಪಕ್ಕಕ್ಕೆ ಇನ್ನೊಂದು ಕೊಡಿಸಿ ಸಾರ್" ಎಂದು ಅವತ್ತೇ ಅಂಗಲಾಚಿದ್ದೆ. "ಒಂದು ಐತಲ್ಲಮ್ಮ, ಸಾಕು" ಎಂದವನು ಇದೇ ಬಾಲರಾಜ, ನಮ್ಮ ಮ್ಯಾನೇಜರು.

ನಾನು ಹನ್ನೊಂದಕ್ಕೆ ಶುರು ಮಾಡಿದೆ. ಅರ್ಧ ಹೊಸದು ಹತ್ತಿತ್ತು, ಅರ್ಧ ಹಳೆಯದಿತ್ತು. ಅಷ್ಟರಲ್ಲಿ ಪುಣ್ಯಾತ್ಮ ಬಂದ. ಅಮಾವಾಸ್ಯೆ ದಿನ ಹೊಸ ಕೆಲಸಕ್ಕೆ ಕೈ ಹಾಕಿದ್ದೇವೆ, ದೃಷ್ಟಿಯಾಗಬಾರದು ಅಂತ ಕೆಂಡದ ಮೇಲೆ ಸಾಂಬ್ರಾಣಿ ಸುರಿದುಕೊಂಡು ಸೀದಾ ಸರ್ವರ್ ಕೋಣೆಯೊಳಕ್ಕೆ! ಅಲ್ಲಿ ಮೇಲೆ ಹೊಗೆ ಕಂಡುಹಿಡಿಯುವ ಡಬ್ಬಿ ಇದೆ, ಹೊಗೆ ಕಂಡರೆ ಬೆಂಕಿ ಬಿತ್ತೆಂದು ಕರೆಂಟನ್ನೇ ಕಡಿದುಹಾಕುತ್ತದೆ. ಕಡಿಯಿತು. ಮಿಷನ್ನು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಮೂರು ದಿನ ಯಾರ್ಡು ಮುಚ್ಚಿತು. ತಳಕಿನವರೆಗೂ ಟ್ರ್ಯಾಕ್ಟರುಗಳ ಸಾಲು ಅಂತ ಜನ ಆಡಿಕೊಂಡರು.

ಆ ಹೊತ್ತಿನಲ್ಲೇ ನೀನು ಇಲ್ಲಿಗೆ ಫೋನ್ ಮಾಡಿದ್ದು. ನನ್ನ ಮೊಬೈಲು ಬಾಗಿಲ ಹೊರಗಿನ ಬಿದಿರು ಬುಟ್ಟಿಯಲ್ಲಿತ್ತು. ಹಿಂದೊಮ್ಮೆ ಯಾರೋ ಮಹಾನುಭಾವ ಮೊಬೈಲ್ ಚಾರ್ಜಿಗೆ ಹಾಕಲು ಸರ್ವರಿನ ಪ್ಲಗ್ಗನ್ನೇ ಕಿತ್ತಿದ್ದ, ಅಂದಿನಿಂದ ಮೊಬೈಲುಗಳಿಗೆ ಒಳಗೆ ಪ್ರವೇಶವಿಲ್ಲ. ನೀನು ಆಫೀಸಿನ ನಂಬರಿಗೆ ಎರಡು ಸಲ ಮಾಡಿ, ಅವ್ವನಿಗೆ ಉಸಿರು ಕಟ್ಟುತ್ತಿದೆ, ಅಕ್ಕನ್ನ ಕಳಿಸಿ ಅಂತ ಅತ್ತಿದ್ದೆ. "ಹೇಳ್ತೀನಿ ಕಣವ್ವ" ಅಂದವನು ಬಾಯಿ ಬಿಡಲಿಲ್ಲ. ನಾನು ಬಂದಾಗ ಅವ್ವನ ಹಣೆಗೆ ನೀವು ವಿಭೂತಿ ಹಚ್ಚಿಯಾಗಿತ್ತು. ಮಣ್ಣಿಗೆ ಬಂದು ಹಾರ ಹಿಡಿದು ನಿಂತಿದ್ದನಲ್ಲ, ನೀನು ಆ ಹಾರ ಕಿತ್ತೆಸೆದು, ಹಿಡಿ ಮಣ್ಣು ತೂರಿ "ನಿನ್ನ ಮನೆ ಹಾಳಾಗ" ಎಂದೆಯಲ್ಲ, ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ತಣ್ಣಗಾಗುತ್ತದೆ.

ಅದಾದ ಮೇಲಾದರೂ ಸುಮ್ಮನಿದ್ದನೇ? ಹನ್ನೊಂದು ದಿನದ ಸೂತಕ ಕಳೆದು ಕೆಲಸಕ್ಕೆ ಹೋದರೆ ಮೇಜಿನ ಮೇಲೆ ಮೆಮೊ: "ಸಿಬ್ಬಂದಿ ನಿರ್ಮಲಾ ಅವರ ನಿರ್ಲಕ್ಷ್ಯದಿಂದ". ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಹತ್ತೊಂಬತ್ತು ವರ್ಷದಿಂದ ಆ ಮಿಷನ್ನನ್ನು ಸಾಕಿದವಳು ನಾನು. ನನ್ನನ್ನು ಗೇಟಿನ ವೇಬ್ರಿಡ್ಜಿಗೆ, ಲಾರಿ ತೂಕದ ಚೀಟಿ ಬರೆಯಲು ಕೂರಿಸಿದ. ಸರ್ವರ್ ಮಕಾಡೆ ಬಿದ್ದಾಗ ಮಾತ್ರ "ನಿರ್ಮಲಮ್ಮ, ಒಂಚೂರು ನೋಡಮ್ಮ" ಅಂತ ಬರುತ್ತಿದ್ದ. ನಾನು ಹೋಗಿ ನೋಡುತ್ತಿದ್ದೆ, ಮೂರು ವರ್ಷ ತುಟಿ ಬಿಚ್ಚಲಿಲ್ಲ.

ಈಗ ಕೇಳು. ಅವತ್ತು ಕೆಟ್ಟದ್ದನ್ನು ಹೊರಗಿನವರು ಬಂದು ಹಳೆಯ ಸಿಸ್ಟಮ್ಮನ್ನೇ ಮತ್ತೆ ಹಾಕಿ ಎಬ್ಬಿಸಿ ಹೋಗಿದ್ದರು. ಆ ಹಳೆಯದಕ್ಕೆ ಇನ್ನು ರಕ್ಷಣೆಯಿಲ್ಲ, ಯಾವ ಕಳ್ಳ ಬೇಕಾದರೂ ನುಗ್ಗಬಹುದು, ಬದಲಾಯಿಸಲೇಬೇಕು, ಎರಡು ದಿನ ಯಾರ್ಡು ಮುಚ್ಚಿ ಅಂತ ಅವರೇ ಹೋದ ತಿಂಗಳು ಹೇಳಿದರು. ಅಧ್ಯಕ್ಷರು ಚಿಕ್ಕಬಸಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. "ಸುಗ್ಗೀಲಿ ಎರಡು ದಿನ ಮುಚ್ಚಿದ್ರೆ ರೈತರು ನನ್ನ ಚರ್ಮ ಸುಲೀತಾರೆ ಕಣ್ರೀ!" ನಾನು ತೂಕದ ಚೀಟಿ ಕೊಡುವ ನೆಪದಲ್ಲಿ ಒಳಗೆ ಹೋಗಿದ್ದೆ. "ನಾಲ್ಕು ನಿಮಿಷ ಸಾಕು ಸಾರ್" ಎಂದೆ. ಬಾಲರಾಜ ನೆಲ ನೋಡಿದ.

ಮೂರು ಮಾತು ಕೇಳಿ ತೆಗೆದುಕೊಂಡೆ. ಪಕ್ಕಕ್ಕೆ ಇನ್ನೊಂದು ಮಿಷನ್ ಬೇಕು. ಕೋಣೆಯೊಳಗೆ ನನ್ನ ಬಿಟ್ಟು ನರಪಿಳ್ಳೆ ಕಾಲಿಡಬಾರದು. ಕೆಲಸ ಮುಗಿದ ಮೇಲೆ ಶನಿವಾರದ ಸಮಿತಿ ಸಭೆಯಲ್ಲಿ ಅರ್ಧ ಗಂಟೆ ನನ್ನ ಮಾತು ಕೇಳಬೇಕು. ಅಧ್ಯಕ್ಷರು ಒಪ್ಪಿದರು.

ಆ ಅರ್ಧ ಗಂಟೆಗೆ ಬೇಕಾದ್ದು ನನ್ನ ಕೈಯಲ್ಲಿದೆ ಗಂಗಿ. ಹಳೆಯ ಮಿಷನ್ನಿನಿಂದ ದಾಖಲೆ ಎತ್ತುವಾಗ ಸಿಕ್ಕಿತು. ಬಾಗಿಲಿಗೆ ಯಾರು ಕಾರ್ಡು ತೋರಿಸಿದರು, ಹೊಗೆಯ ಡಬ್ಬಿ ಯಾವಾಗ ಕೂಗಿತು, ಎಲ್ಲವೂ ಅಲ್ಲಿ ಸದ್ದಿಲ್ಲದೆ ಬರೆದುಕೊಂಡು ಕೂತಿದೆ; ಕರೆಂಟು ಹೋದಾಗಿನದನ್ನೂ ಬಾಗಿಲಿನ ಡಬ್ಬಿ ತನ್ನ ಬ್ಯಾಟರಿಯ ಮೇಲೆ ಬರೆದಿಟ್ಟು, ಮಿಷನ್ ಎದ್ದ ಮೇಲೆ ಅದಕ್ಕೆ ಇಳಿಸಿದೆ. ಹನ್ನೊಂದು ಇಪ್ಪತ್ತೊಂದು: ಬಾಲರಾಜ್, ಬಾಗಿಲು. ಹನ್ನೊಂದು ಇಪ್ಪತ್ತೆರಡು: ಹೊಗೆ, ಕರೆಂಟು ಕಡಿತ. ಅವತ್ತಿನ ಹಾಳೆ ಮುದ್ರಿಸಿ ಬೀರುವಿನಲ್ಲಿ ಅವ್ವನ ಸೀರೆಯ ಕೆಳಗಿಟ್ಟಿದ್ದೇನೆ. ಅವನಿಗೆ ಮಣ್ಣು ಮುಕ್ಕಿಸದಿದ್ದರೆ ನಾನು ಬೋರಕ್ಕನ ಮಗಳೇ ಅಲ್ಲ.

ಎಡೆಗೆ ನನ್ನ ಹೆಸರಲ್ಲೂ ಒಂದು ಹೋಳಿಗೆ ಇಡು. ಮಹಾಂತೇಶನಿಗೆ ಹೇಳು, ಬೇಜಾರು ಮಾಡಿಕೊಳ್ಳಬಾರದು ಅಂತ.

ನಿನ್ನ ಅಕ್ಕ,
ನಿರ್ಮಲಾ


ಚಳ್ಳಕೆರೆ
೨೩ ನವೆಂಬರ್ ೨೦೨೫, ಭಾನುವಾರ

ಗಂಗಿಗೆ ಅಕ್ಕನ ಪ್ರೀತಿ, ಮನೆಮಂದಿಗೆಲ್ಲ ನೆನಕೆಗಳು.

ನಿನ್ನೆಯೇ ಬರೆಯಬೇಕಿತ್ತು, ಕೈ ಓಡಲಿಲ್ಲ. ನಿನ್ನಿಂದ ಮೂರು ಫೋನು ಬಂದದ್ದು ನೋಡಿದೆ, ತೆಗೆಯಲಿಲ್ಲ. ಕ್ಷಮಿಸು.

ಮೊದಲು ಗೆದ್ದ ಸುದ್ದಿ. ಹತ್ತು ದಿನ ಹೊಸ ಮಿಷನ್ನಿನ ಮುಂದೆ ಕೂತು ಹೊಸ ಸಿಸ್ಟಮ್ ಹಾಕಿದೆ. ಅದರ ಮೇಲೆ ನಮ್ಮ ಟೆಂಡರು, ತೂಕ, ಗೇಟ್ ಪಾಸು ಎಲ್ಲವನ್ನೂ ಓಡಿಸಿ ನೋಡಿದೆ. ಎರಡು ಕಡೆ ಎಡವಿತು, ತಿದ್ದಿದೆ. ಹಳೆಯದು ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇತ್ತು, ಅದರಲ್ಲಿ ಬರೆದದ್ದೆಲ್ಲ ಆಗಿಂದಾಗಲೇ ಹೊಸದಕ್ಕೂ ಇಳಿಯುವಂತೆ ಮಾಡಿದ್ದೆ. ಉಳಿದದ್ದು ಇಷ್ಟೇ: ಒಂದು ಗಳಿಗೆ ಎಲ್ಲವನ್ನೂ ನಿಲ್ಲಿಸಿ, ಕೊನೆಯ ಸಾಲು ಇಳಿದಿದೆಯೋ ನೋಡಿ, ಯಾರ್ಡನ್ನು ಹೊಸದಕ್ಕೆ ತಿರುಗಿಸುವುದು. ಬಂಡಿಯ ಮಾಲು ಇಳಿಸದೆ ಎತ್ತು ಬದಲಾಯಿಸಿದ ಹಾಗೆ. ಹಳೆಯದನ್ನು ಮಾತ್ರ ಮುಟ್ಟಬಾರದು, ಹೊಸದು ಕೈಕೊಟ್ಟರೆ ವಾಪಸು ಹೋಗಲು ಅದು ಹಾಗೇ ಇರಬೇಕು. ಈಗಲೂ ಹಾಗೇ ಇಟ್ಟಿದ್ದೇನೆ, ಎಂಟು ದಿನ ಕಳೆಯಲಿ.

ಗುರುವಾರ ಬೆಳಿಗ್ಗೆ ಕಸ ಗುಡಿಸುವ ಪಾತಮ್ಮ ನನ್ನ ಸೆರಗು ಹಿಡಿದಳು. "ಅಮಾಸೆ ದಿನ ಮಿಷಿನ್ ಮುಟ್ಟಬ್ಯಾಡ್ರೀ ಅಕ್ಕ. ಹೋದ್ಸಲ ಏನಾತು ನೆನಪಿಲ್ವಾ?" ನೆನಪಿದೆ ಪಾತಮ್ಮ ಎಂದೆ. ಬಾಲರಾಜ ತೆಂಗಿನಕಾಯಿ ಹಿಡಿದು ದೂರದಲ್ಲೇ ನಿಂತಿದ್ದ. "ಗೇಟ್ ತಾವೇ ಹೊಡೀತೀನಮ್ಮ, ಒಳಗೆ ಬರಲ್ಲ" ಎಂದ. "ಬಂದರೆ ಕಾಲು ಮುರಿಯುತ್ತೇನೆ" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಟೆಂಡರ್ ಇಲ್ಲದಿದ್ದರೂ ಹಿಂದಿನ ದಿನದ ಮಾಲು ಹೊರಗೆ ಹೋಗುತ್ತಿತ್ತು. ಮಧ್ಯಾಹ್ನ ಮೂರಕ್ಕೆ ನಿಲ್ಲಿಸಿದೆ. ವೇಬ್ರಿಡ್ಜಿನ ಮೇಲೆ ರಾಯದುರ್ಗದ ಕಡೆಯ ಲಾರಿ ಒಂದು ಆಗ ತಾನೇ ಹತ್ತಿ ನಿಂತಿತ್ತು. ಡ್ರೈವರು ತಲೆ ಹೊರಹಾಕಿ ತೆಲುಗಿನಲ್ಲಿ "ಎಂತಸೇಪನ್ನಾ?" ಎಂದನಂತೆ, ಎಷ್ಟು ಹೊತ್ತು ಅಂತ. ಗೇಟಿನ ಕ್ಯಾತಣ್ಣ, "ಬೀಡಿ ಹಚ್ಚು, ಮುಗಿಯೋದ್ರೊಳಗೆ ಬರ್ತೈತೆ" ಎಂದನಂತೆ. ಒಳಗೆ ನಾನು ಕೊನೆಯ ಸಾಲು ಇಳಿದಿದೆಯೋ ನೋಡುತ್ತಿದ್ದೆ. ಮೂರನೇ ನಿಮಿಷದಲ್ಲಿ ತೂಕದ ಪರದೆ ಬಿಳಿಚಿಕೊಂಡು ನಿಂತುಬಿಟ್ಟಿತು ನೋಡು, ವಾಪಸು ಹಳೆಯದಕ್ಕೆ ತಿರುಗಿಸಲು ಕೈ ಎತ್ತಿದ್ದೆ. ಆಮೇಲೆ ಅಂಕಿ ಬಂತು. "ಬಂತು ಬಂತು!" ಅಂತ ಕ್ಯಾತಣ್ಣ ಗೇಟಿನಿಂದ ಕೂಗಿದ್ದು ಎ.ಸಿ. ಕೋಣೆಗೂ ಕೇಳಿಸಿತು. ಮೂರು ಗಂಟೆ ನಾಲ್ಕು ನಿಮಿಷ. ಡ್ರೈವರು ಬೀಡಿ ಮುಗಿಸಿರಲೇ ಇಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತು ನಗುತ್ತಿದ್ದೆ, ಪಾತಮ್ಮ ಹೆದರಿ ನೀರು ತಂದಳು.

ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ಊರೆಲ್ಲ ನನ್ನನ್ನು ಹೊಗಳುತ್ತಿತ್ತು. ಆದರೆ ನನಗೆ ಬೇಕಾಗಿದ್ದದ್ದು ಹೊಗಳಿಕೆ ಅಲ್ಲವಲ್ಲ.

ನಿನ್ನೆ ಸಭೆ. ಹನ್ನೊಂದು ಜನ ವರ್ತಕರು, ನಡುವೆ ಚಿಕ್ಕಬಸಪ್ಪನವರು. ಬಾಲರಾಜ ಮೂಲೆಯಲ್ಲಿ ಫೈಲು ಹಿಡಿದು ನಿಂತಿದ್ದ. ಅಧ್ಯಕ್ಷರು ನನಗೆ ಶಾಲು ಹೊದಿಸಲು ಎದ್ದರು. "ಶಾಲು ಆಮೇಲೆ ಸಾರ್, ಮೊದಲು ಇದನ್ನು ಓದಿ" ಎಂದು ಆ ಹಾಳೆಯನ್ನೂ ಮೂರು ವರ್ಷದ ಹಿಂದಿನ ಮೆಮೊವನ್ನೂ ಪಕ್ಕಪಕ್ಕ ಇಟ್ಟೆ. ಯಾರ ನಿರ್ಲಕ್ಷ್ಯ ಅಂತ ನೀವೇ ಹೇಳಿ ಎಂದೆ. ಆ ಮಾತುಗಳನ್ನು ಲಾರಿ ತೂಗುತ್ತಾ ತೂಗುತ್ತಾ ಮೂರು ವರ್ಷ ಬಾಯಿಪಾಠ ಮಾಡಿದ್ದೆ.

ಚಿಕ್ಕಬಸಪ್ಪನವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಏನ್ರೀ ಬಾಲರಾಜ್ ಇದು? ಸಾಂಬ್ರಾಣಿ ಹಾಕಿ ಕರೆಂಟ್ ತೆಗೆಸಿದ್ದು ನೀವು, ಬರೆ ಬಿದ್ದಿದ್ದು ಈ ಹೆಣ್ಣುಮಗಳಿಗಾ?"

"ಹೌದು ಸಾರ್," ಎಂದ. "ಹೊಗೆ ಹಾಕ್ದೋನು ನಾನೇ. ಕೆಲ್ಸ ಹೋಗ್ತೈತೆ ಅಂತ ಹೆದ್ರಿ ಅಮ್ಮನ ಹೆಸ್ರು ಬರೆದೆ. ತಪ್ಪಾತು."

ನಾನು ಬಯಸಿದ್ದು ಇದೇ. ಹನ್ನೊಂದು ಜನರ ಮುಂದೆ ಅವನ ಬಾಯಿಂದಲೇ ಬಂತು.

ಆದರೆ ಸೇಡಿನ ಅವಸರದಲ್ಲಿ ನಾನು ಒಂದು ದಡ್ಡತನ ಮಾಡಿದ್ದೆ. ಎರಡು ಸಾಲು ಮುದ್ರಿಸಿದರೆ ಸಾಕಿತ್ತು, ಇಡೀ ದಿನದ್ದನ್ನು ಮುದ್ರಿಸಿದ್ದೆ. ಅಧ್ಯಕ್ಷರ ಬೆರಳು ಕೆಳಗೆ ಇಳಿಯಿತು. "ಇಲ್ಲಿ ನೋಡ್ರೀ. ಹನ್ನೊಂದು ನಲವತ್ತೆಂಟಕ್ಕೆ ಮತ್ತೆ ಒಳಗೆ ಹೋಗೀರಿ. ಹನ್ನೆರಡೂ ಮೂವತ್ತೊಂದಕ್ಕೆ ಮತ್ತೆ. ಎರಡೂ ಐದಕ್ಕೆ ಮತ್ತೆ. ಕೆಡಿಸಿದ್ದು ಸಾಲ್ದು ಅಂತ ಇಷ್ಟು ಸಲ ಯಾಕ್ರೀ ಹೋದ್ರಿ? ಮತ್ತೆ ಧೂಪ ಹಾಕಾಕಾ?" ಸಭೆ ನಕ್ಕಿತು.

ಅವನು ನನ್ನ ಕಡೆ ನೋಡಿದ. ಆಮೇಲೆ, "ಸುಮ್ನೆ ಹೋಗಿದ್ದೆ ಸಾರ್. ಏನಾತು ಅಂತ ನೋಡಾಕೆ," ಎಂದ.

ಆ ಮಾತಿಗೆ ಅಧ್ಯಕ್ಷರಿಗೆ ರೇಗಿಹೋಯಿತು. ಕೆಲಸ ಮಾಡುವವಳ ತಲೆಯ ಮೇಲೆ ಕೂತು ಕೆಡಿಸಿದವನು ಅಂತ ಅಲ್ಲೇ ಮಂಗಳಾರತಿ ಎತ್ತಿದರು. ನಾಳೆಯಿಂದ ಅವನು ತಳಕಿನ ಗೋಡೌನಿನಲ್ಲಿ ಚೀಲ ಎಣಿಸಬೇಕು. ಅವನ ಕೋಣೆ, ಅವನ ಕುರ್ಚಿ ನನಗೆ. ಶಾಲೂ ಹೊದಿಸಿದರು. ಉಪ್ಪು ತಿಂದವನು ನೀರು ಕುಡಿದ. ನೀನು ತೂರಿದ ಶಾಪ ತಟ್ಟಿತು ಅಂತ ನೀನು ಖುಷಿಪಡುತ್ತೀಯ. ಮಹಾಂತೇಶ ಮೀಸೆ ತಿರುವುತ್ತಾನೆ.

ಎಡೆ ಚೆನ್ನಾಗಿ ಆಯಿತೆಂದು ಯಾರ್ಡಿಗೆ ಬಂದ ನಿಮ್ಮೂರಿನವರಿಂದ ಕೇಳಿ ಸಮಾಧಾನವಾಯಿತು. ಕುರಿಗಳು ಚೇತರಿಸಿಕೊಂಡವೇ? ಚಳಿ ಶುರುವಾಗಿದೆ, ನೀನು ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಕುರಿ ರೊಪ್ಪಕ್ಕೆ ಹೋಗಬೇಡ, ನಿನಗೆ ಬೇಗ ಶೀತವಾಗುತ್ತದೆ. ನೀನು, ನಿನ್ನ ಮಕ್ಕಳು, ನಿನ್ನ ಮನೆ ನೂರು ಕಾಲ ತಂಪಾಗಿರಲಿ.

ನಿನ್ನ ಅಕ್ಕ,
ನಿರ್ಮಲಾ

ತಾ.ಕ.: ಗಂಗಿ, ಇದನ್ನು ಒಬ್ಬಳೇ ಓದು. ಮಹಾಂತೇಶನಿಗೆ ಓದಿ ಹೇಳಬೇಡ.

ಬಾಲರಾಜ್ ಅವರು ನನಗೆ ಹೇಳಿದ್ದರು. ಹೋದ ಕಾಗದದಲ್ಲೂ ಹೇಳಲಿಲ್ಲ ಅಂತ ಬರೆದೆ, ಮೂರು ವರ್ಷದಿಂದ ಹಾಗೇ ಹೇಳಿಕೊಂಡು ಬಂದೆ. ಸುಳ್ಳು.

ನೀನು ಮೊದಲ ಸಲ ಫೋನ್ ಮಾಡಿದ ಕೂಡಲೇ, ಹನ್ನೊಂದು ನಲವತ್ತೆಂಟಕ್ಕೆ, ಒಳಗೆ ಬಂದರು. "ಅಮ್ಮ, ಊರಿಂದ ನಿನ್ ತಂಗಿ ಫೋನ್ ಮಾಡೈತೆ. ನಿಮ್ಮವ್ವಗೆ ಉಸಿರು ಕಟ್ತಾ ಐತಂತೆ, ಹೊರಡು" ಎಂದರು. ನಾನು ತಿರುಗಿಯೂ ನೋಡಲಿಲ್ಲ. "ಹತ್ತು ನಿಮಿಷ ಸಾರ್" ಎಂದೆ. ಅವ್ವನಿಗೆ ಉಬ್ಬಸ ಹೊಸದೇ, ಎಷ್ಟು ಸಲ ಹೀಗೆ ಆಗಿ ಸರಿಹೋಗಿರಲಿಲ್ಲ ಅಂದುಕೊಂಡೆ. ಹನ್ನೆರಡೂವರೆಗೆ ಮತ್ತೆ ಬಂದರು. "ಕಾರು ಬಾಗ್ಲಲ್ಲಿ ನಿಲ್ಸೀನಿ, ಮಿಷಿನ್ ಹಾಳಾಗ್ ಹೋಗ್ಲಿ, ಏಳಮ್ಮ" ಎಂದರು. "ಕೆಡಿಸಿದ್ದು ನೀವು, ಅವಳು ಕೆಡಿಸಿ ಓಡಿಹೋದಳು ಅನ್ನಿಸಿಕೊಳ್ಳುವುದು ನಾನೋ? ಇದು ಏಳುವವರೆಗೆ ನಾನು ಏಳುವುದಿಲ್ಲ, ಹೊರಗೆ ಹೋಗಿ" ಎಂದು ಕಿರುಚಿದೆ. ಎರಡು ಗಂಟೆಗೆ ಮತ್ತೆ ಬಂದರು. ನನ್ನ ಕೈಯಿಂದ ಕೀಬೋರ್ಡ್ ತೆಗೆದು ಪಕ್ಕಕ್ಕಿಟ್ಟು, ಕಾರು ಹತ್ತಿಸಿ ಊರಿಗೆ ಕರೆತಂದರು. ಮಿಷನ್ನು ಅವತ್ತೂ ಏಳಲಿಲ್ಲ, ಮಾರನೇ ದಿನವೂ ಏಳಲಿಲ್ಲ.

ನಾನು ಬಾಗಿಲಿಗೆ ಬಂದಾಗ ನೀನು ನನ್ನ ಎದೆಗೆ ಗುದ್ದಿ "ಯಾಕೆ ಬರ್ಲಿಲ್ಲ" ಎಂದು ಕೇಳಿದೆ. "ಯಾರೂ ಹೇಳಲೇ ಇಲ್ಲ" ಎಂದುಬಿಟ್ಟೆ. ಅವರು ನನ್ನ ಹಿಂದೆಯೇ ನಿಂತಿದ್ದರು. ಕೇಳಿಸಿಕೊಂಡರು. ನಿನ್ನ ಮಣ್ಣು ಮುಖಕ್ಕೆ ಬಿದ್ದಾಗಲೂ ಒರೆಸಿಕೊಂಡು ಸುಮ್ಮನೆ ಹೋದರು.

ನಿನ್ನೆ ಸಭೆ ಮುಗಿದ ಮೇಲೆ ಗೇಟಿನಲ್ಲಿ ಅಡ್ಡ ನಿಂತು ಕೇಳಿದೆ, ಯಾಕೆ ಹೇಳಲಿಲ್ಲ ಸಾರ್ ಅಂತ. "ಹೊಗೆ ಹಾಕಿದ್ದಕ್ಕೆ, ಸುಳ್ಳು ಬರೆದಿದ್ದಕ್ಕೆ ತಳಕಿಗೆ ಹೋಗ್ತೀನಿ ಬಿಡು. ಅದು ನ್ಯಾಯವೇ. ಇದು ನಿಮ್ಮ ಅಕ್ಕ ತಂಗೀರ ಮಾತು. ನನಗ್ಯಾಕಮ್ಮ?" ಎಂದರು. ಬೈಕ್ ಹತ್ತಿ ಹೋದರು.

ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ ಗಂಗಿ. ಆದರೆ ಎರಡು ಸಾಲಿನ ಸಿಟ್ಟು ಅದು. ಉಳಿದದ್ದೆಲ್ಲ ನನ್ನ ಮೇಲಿನದು, ಅವರ ಹೆಗಲಿಗೆ ಹಾಕಿದ್ದೆ.

ನನ್ನನ್ನು ಬೈಯಿ, ಮಾತು ಬಿಡು, ಏನಾದರೂ ಮಾಡು. ಒಂದನ್ನು ಮಾತ್ರ ಬರೆದು ತಿಳಿಸು. ಒಂದೂ ನಲವತ್ತಕ್ಕೆ ಅವ್ವ ಹೋದಳು ಅಂತ ಗೊತ್ತು. ಅದಕ್ಕೆ ಮುಂಚೆ "ನಿಮ್ಮಿ ಬಂದ್ಲಾ" ಎಂದು ಕೇಳಿದಳು ಅಂತ ನೀನು ಹೇಳಿದ್ದೆ. ಎಷ್ಟು ಗಂಟೆಗೆ ಕೇಳಿದಳು? ನಾನು ಹತ್ತು ನಿಮಿಷ ಎನ್ನುವುದಕ್ಕೆ ಮುಂಚೆಯೋ, ಆಮೇಲೋ?